ಕೆಳಗಿನ ಬೆಳಕು

ಮೂರು ಭಾನುವಾರ ಬಂದು ಕೂತರು ಗಿಲ್ಬರ್ಟ್ ಲಸ್ರಾದೊ
ಮಣ್ಣಗುಡ್ಡೆಯ ನನ್ನ ಮಾಳಿಗೆ ಕೋಣೆಯಲ್ಲಿ,
ಇಗರ್ಜಿಯ ಪೂಜೆ ಮುಗಿಸಿ ನೇರ,
ಇಸ್ತ್ರಿ ಅಂಗಿಯ ಕತ್ತಿನ ಗುಂಡಿಯನ್ನೂ ಹಾಕಿಕೊಂಡು,
ಪಾಸ್‌ಪೋರ್ಟ್ ಫೋಟೊಕ್ಕೆ ಕೂತವರ ಹಾಗೆ.

ಉತ್ತರದ ಕಿಟಕಿ. ಒಳ್ಳೆಯ ಬೆಳಕು.
ಕಾಲೇಜಿನಲ್ಲಿ ಕಲಿಸಿದ್ದು ಅದೇ: ಮೇಲಿಂದ ಬರಲಿ, ಎಡದಿಂದ ಬರಲಿ.
ಬಂತು.
ಮೂಗು ಸರಿ, ಹಣೆ ಸರಿ, ಎಡ ಹುಬ್ಬಿನ ಹಳೆ ಗಾಯವೂ ಸರಿ,
ಇದ್ದಲಲ್ಲಿ ಮೂಡಿದವನು ಮಾತ್ರ
ಯಾವುದೋ ಬ್ಯಾಂಕಿನ ನಿವೃತ್ತ ಕ್ಯಾಷಿಯರ್.
ಅವರೇ ಎದ್ದು ಬಂದು ನೋಡಿ
"ಒಳ್ಳೆ ಜನ. ಯಾರು?" ಅಂದರು.

ಕೊಡೆ ಮರೆತು ಹೋಗಿದ್ದರು. ಕೊಡಲು ಹೋದೆ ದಕ್ಕೆಗೆ.
ಆಟಿ ಮುಗಿಯುತ್ತ ಬಂದಿತ್ತು; ಎರಡು ಮಳೆಯ ನಡುವೆ
ದಾರಿ ತಪ್ಪಿ ಬಂದಂಥ ಬಿಸಿಲು.
ಬೋಟುಗಳೆಲ್ಲ ಹೊಸ ನೀಲಿ ಬಳಿಸಿಕೊಂಡು
ಸಾಲಾಗಿ ನಿಂತಿದ್ದವು, ಹೆಸರಿಗೆ ಕಾಯುತ್ತ.
ಪಾತಿದೋಣಿಯಲ್ಲಿ ಬರಿಗಾಲಲ್ಲಿ ನಿಂತು
ಒಂದರ ಮೂತಿಗೆ 'ಮತ್ಸ್ಯಜ್ಯೋತಿ' ಬರೆಯುತ್ತಿದ್ದರು.

ಕಾಲಡಿಯ ದೋಣಿ ಅಲುಗುತ್ತದೆ,
ಬರೆಯುವ ಹಲಗೆಯೂ ಅಲುಗುತ್ತದೆ ತನ್ನದೇ ತಾಳಕ್ಕೆ.
ಎರಡೂ ಒಂದಾಗುವ ಆ ಗಳಿಗೆಗೆ
ಉಸಿರು ಹಿಡಿದು ಕಾಯುತ್ತಾರೆ.
ಬಂತೋ,
ಒಂದು ಸುಳಿ. 'ತ'ದ ಹೊಟ್ಟೆ.
ಮತ್ತೆ ಉಸಿರು.

ಆಗ ನೋಡಿದೆ:
ಡೀಸೆಲ್ ಬಣ್ಣಬಣ್ಣವಾಗಿ ಹರಡಿದ ನೀರಿಂದ
ಬಿಸಿಲು ಪುಟಿದು
ಗಲ್ಲದಡಿಗೆ, ಮೂಗಿನ ಹೊಳ್ಳೆಗೆ, ಹುಬ್ಬಿನ ಒಳಬದಿಗೆ
ಬಲೆಯಂತೆ ಏರಿ ನಡುಗುತ್ತಿತ್ತು.
ನಲವತ್ತು ವರ್ಷ ಈ ಮುಖ ಬೆಳಗಿದ್ದು ಕೆಳಗಿನಿಂದ.
ನಾನೋ, ಕಿಟಕಿ ತೆರೆದಿಟ್ಟು ಕೂತಿದ್ದೆ.

ಐಸ್ ಪ್ಲಾಂಟಿನ ಬಿಲ್ಲಿನ ಹಿಂಬದಿ, ಯಾರದೋ ಬಾಲ್‌ಪೆನ್ನು.
ಎರಡೇ ನಿಮಿಷ. ಕೊಡೆ ಕಂಕುಳಲ್ಲಿ.

"ಎಂತ ಮಾರಾಯ್ತಿ, ಅಲ್ಲಿ ಗೀಚುವುದು?
ಮೀನು ಅಂತ ಹೆಸರಿಟ್ಟಿದ್ದರೆ ಊಟಕ್ಕೆ ಮುಂಚೆ ಮುಗಿಯುತ್ತಿತ್ತು.
ಈ 'ತ್ಸ್ಯ' ಉಂಟಲ್ಲ, ಒಂದರ ಕಾಲಿಗೆ ಇನ್ನೊಂದು ನೇತಾಡಿ
ನೀರಿಗೇ ಬೀಳುತ್ತದೆ."
ಕೈ ಚಾಚಿದರು. ಕೊಟ್ಟೆ.
ದೂರ ಹಿಡಿದು ನೋಡಿದರು, ತಲೆಕೆಳಗು ಮಾಡಿ ನೋಡಿದರು,
ಮಾತಾಡದೆ ಕುಂಚ ಅದ್ದಿ
ಗಲ್ಲದ ಕೆಳಗೆ ಎಳೆದರು ಒಂದೇ ಒಂದು
ಹಳದಿ ಎನಾಮೆಲ್ ಗೆರೆ.

ಬಿಲ್ಲು ಈಗ ಈಸೆಲ್ಲಿಗೆ ಚುಚ್ಚಿಕೊಂಡಿದೆ.
ಒಂಬತ್ತು ದಿನವಾಯಿತು,
ಮುಟ್ಟಿದರೆ ಗೆರೆ ಇನ್ನೂ ಬೆರಳಿಗೆ ಅಂಟುತ್ತದೆ.
ಕೊಡೆಯೂ ಇಲ್ಲೇ ಇದೆ,
ಕೊಡಲು ಮರೆತೆ.