ವಿದ್ಯುತ್ ವ್ಯತ್ಯಯ

ಕೋಟೆಯ ಹಳೇ ಬಾಗಿಲಿನೆದುರು, ಟೀ ಗಾಡಿಯ ಹತ್ತಿರ
ಹಳದಿ ಹೆಲ್ಮೆಟ್ಟಿನ ಜಪಾನಿನವರೊಬ್ಬರು ಕೇಳಿದರು,
ಮೆಟ್ರೊ ಸುರಂಗದವರು, ಕಿತಾಗಾವಾ ಎಂದು ಹೆಸರು,
ಬೂಟಿನ ತುಂಬ ನಮ್ಮೂರ ಕೆಮ್ಮಣ್ಣು:
ಇಲ್ಲಿ ವಸಂತದ ಹೂವು ಎಲ್ಲಿ ನೋಡಬೇಕು?

ಅವರದೂ ಕೋಟೆಯ ಊರಂತೆ.
ಕಂದಕದ ಸುತ್ತ ಮರ, ಹೂ ಉದುರಿ ಉದುರಿ
ನೀರೇ ಕಾಣದ ಹಾಗೆ ಮುಚ್ಚಿಬಿಡುತ್ತದಂತೆ.
ಬಾತುಕೋಳಿ ಈಜಿದರೆ ಹಿಂದೊಂದು ಗೆರೆ
ಕಪ್ಪಗೆ ತೆರೆದು, ಮತ್ತೆ ಕೂಡಿಕೊಳ್ಳುತ್ತದಂತೆ.
ಇವತ್ತು ಅರ್ಧ ಅರಳಿದೆ, ನಾಳೆ ಮುಕ್ಕಾಲು ಎಂದು
ದಿನಾ ವಾರ್ತೆಯಲ್ಲಿ ಹೇಳುತ್ತಾರಂತೆ.

ನಮ್ಮಲ್ಲೂ ಹೇಳುತ್ತಾರೆ ಸಾರ್, ಅಂದೆ.
ಪೇಪರಿನ ಮೂರನೇ ಪುಟ, ಕೆಳಮೂಲೆ, ಸಣ್ಣ ಅಕ್ಷರ:
ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ
ಈ ಕೆಳಕಂಡ ಪ್ರದೇಶಗಳಲ್ಲಿ ಕರೆಂಟ್ ಇರುವುದಿಲ್ಲ,
ಗ್ರಾಹಕರು ಸಹಕರಿಸಬೇಕು.
ಅದೇ ನಮ್ಮ ಹೂವಿನ ಪಂಚಾಂಗ.
ಕೊಂಬೆ ಎಲ್ಲಿ ತಂತಿಗೆ ತಾಗುತ್ತದೋ ಅಲ್ಲಿ ಏಣಿ.
ಇಪ್ಪತ್ತಾರು ವರ್ಷ ಈ ಊರಿನ ವಸಂತವನ್ನು
ನಾನು ಮೇಲಿನಿಂದಲೇ ನೋಡಿದ್ದು,
ಕೈಯಲ್ಲಿ ಮಚ್ಚು ಹಿಡಿದು.

ಬರಕೊಳ್ಳಮ್ಮ ಎಸ್ತರ್, ನಿಮ್ಮ ಸಾಹೇಬರಿಗೆ.
ಶಿವರಾತ್ರಿ ಹೊತ್ತಿಗೆ ಬೂರುಗ. ಮೈಮೇಲೆ ಒಂದೆಲೆ ಇಲ್ಲ,
ಹೂವಿಗೆ ಹಸಿ ಮಾಂಸದ ಬಣ್ಣ.
ಶಾಂತಿನಗರ ಡಿಪೋ ಹಿಂದೆ ಒಂದಿದೆ;
ಗೊರವಂಕಗಳು ಕಂಠಮಟ್ಟ ಕುಡಿದು
ನನ್ನನ್ನೇ ಬೈಯುತ್ತವೆ.
ಆಮೇಲೆ ಆ ತೆಳುಗುಲಾಬಿ,
ಊರಿಗೂರೇ ಫೋನ್ ಎತ್ತಿ ನಿಲ್ಲುವುದು.
ಅದರ ಹೆಸರು ನಮ್ಮ ಆಫೀಸಿನಲ್ಲಿ ಯಾರ ಬಾಯಿಗೂ ನೆಟ್ಟಗೆ ಬಾರದು,
ರಿಜಿಸ್ಟರಿನಲ್ಲಿ 'ಪಿಂಕ್ ಮರ' ಎಂದೇ ಬರೆಯುತ್ತೇವೆ.
ಜಯನಗರದಲ್ಲಿ ಅದನ್ನು ಕೆಳಗೆ ನಿಂತು ನೋಡಬೇಡಿ.
ಮೂರನೇ ಮಹಡಿ, ಹಲ್ಲಿನ ಡಾಕ್ಟರ ಕಿಟಕಿ.
ದವಡೆ ನೋವು ಅನ್ನಿ, ಕೂರಿಸುತ್ತಾರೆ.
ಜಕರಂದ ಕಂಟೋನ್ಮೆಂಟ್ ಕಡೆ.
ಅದು ಚೆಂದ ಮರದ ಮೇಲಲ್ಲ,
ನಿದ್ದೆ ಹೋದ ಆಟೋದ ಟಾಪಿನ ಮೇಲೆ.
ಹೊಂಗೆಯನ್ನು ಹುಡುಕುವುದೇ ಬೇಡ.
ಯುಗಾದಿ ಆಸುಪಾಸು ಯಾವ ಗಲ್ಲಿಯಾದರೂ ಸರಿ,
ಯಾರೋ ರಾತ್ರಿ ಮೂಟೆ ಒಡೆದು
ಕಡಲೆಪುರಿ ಚೆಲ್ಲಿ ಹೋದ ಹಾಗಿರುತ್ತದೆ.

ಫ್ರೇಜರ್ ಟೌನಿನ ಒಂದು ಹಳದಿ ಮರ ಮಾತ್ರ
ನಾನು ಯಾರಿಗೂ ಹೇಳುವುದಿಲ್ಲ.
ಲೈನ್ ಆಫ್ ಆಗಿದೆ ಎಂದು ಹತ್ತಿದ್ದ ಮುನಿಚೌಡಪ್ಪ.
ಇಳಿಸಿದಾಗ ಅವನ ಜೇಬಿನಲ್ಲಿ
ಒಂದು ಬೀಡಿ, ಟೆಸ್ಟರು,
ತಾನೇ ಬಂದು ಬಿದ್ದಿದ್ದ ನಾಲ್ಕು ಎಸಳು.
ಎಸ್ತರ್ ಇದನ್ನು ಜಪಾನಿಗೆ ತಿರುಗಿಸಲಿಲ್ಲ.
ಲೋಟದೊಳಗೆ ನೋಡುತ್ತಿದ್ದಳು.

ನಿಮ್ಮ ಕೋಟೆಯ ಕಂದಕ ಎಲ್ಲಿದೆ? ಅವರ ಮುಂದಿನ ಪ್ರಶ್ನೆ.
ಬಸ್ಸು ಹೋಗುತ್ತಿದ್ದ ಕಡೆ ಕೈ ತೋರಿಸಿದೆ.
ಮುಚ್ಚಿದರು ಸಾರ್. ಆಚೆ ಒಂದು ಕೆರೆ ಇತ್ತು, ಅದನ್ನೂ.
ಈಗ ಅದರ ಮೇಲೆ ಮಾರ್ಕೆಟ್ಟು.
ನಾಲ್ಕು ಗಂಟೆಗೆ ಏಳುವುದಾದರೆ ಬನ್ನಿ:
ಸೇವಂತಿಗೆ, ಕನಕಾಂಬರ, ಸುಗಂಧರಾಜ,
ಹರಿದ ಚೀಲಗಳಿಂದ ಸೋರಿ ಸೋರಿ
ಹಿಮ್ಮಡಿ ಮುಳುಗುವಷ್ಟು ಒದ್ದೆ ಹೂವು.
ದಾರಿ ದಾರಿ ಎಂದು ಕೂಗುತ್ತ ಕೈಗಾಡಿಯವನು ನುಗ್ಗಿದರೆ
ಚಕ್ರದ ಹಿಂದೊಂದು ಗೆರೆ ಕಪ್ಪಗೆ ತೆರೆದು
ಮತ್ತೆ ಕೂಡಿಕೊಳ್ಳುತ್ತದೆ.

ಅವರು ಬಹಳ ಹೊತ್ತು ಸುಮ್ಮನಿದ್ದು
ಟೀ ದುಡ್ಡು ಕೊಡಲು ಹೋದರು, ನಾನು ಬಿಡಲಿಲ್ಲ.
ಹೋಗುವಾಗ ಎಸ್ತರಳ ಬಾಯಲ್ಲಿ ಕೇಳಿದರು:
ಕಡಿದ ಕೊಂಬೆ ಏನು ಮಾಡುತ್ತೀರಿ?
ಪಾಲಿಕೆಯ ಲಾರಿ ಬರುತ್ತದೆ, ಅಂದೆ.

ಅದು ಪೂರ್ತಿ ನಿಜವಲ್ಲ.
ಒಂದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು
ಸಿಗ್ನಲ್ ಸಿಗ್ನಲ್‌ನಲ್ಲೂ ಮುಖಕ್ಕೆ ಹೊಡೆಸಿಕೊಂಡು
ಕಾಮಾಕ್ಷಿಪಾಳ್ಯದವರೆಗೆ ಒಯ್ಯುತ್ತೇನೆ.
ಬಕೆಟ್ಟಿನಲ್ಲಿ ಎರಡು ದಿನ ಇರುತ್ತದೆ.
ಮನೆಯಾಕೆ ಈ ಸಲವೂ ಹೇಳಿದಳು,
ಇರುವೆ ಕೊಡವಿ ತರಬಾರದೇ.