ಬಿರಡೆ

ರೇಡಿಯೋ ಹೇಳಿದ್ದು ಗುರುವಾರ ಅಂತ.
ಕತ್ತರಿಬಾಲದ ಕಡಲಹಕ್ಕಿಗಳು ಸೋಮವಾರವೇ ಹೊರಟುಹೋದವು.
ಕಾರಿಯಾಕೂ ದ್ವೀಪದ ನಮ್ಮ ಮಗ್ಗುಲಲ್ಲಿ
ಯಾರೂ ಯಾರನ್ನೂ ಏನೂ ಕೇಳಲಿಲ್ಲ,
ಹಗ್ಗ ಮಾತ್ರ ಕೇಳಿದರು.

ಅಂಗಡಿಯದು ಮಧ್ಯಾಹ್ನಕ್ಕೇ ಮುಗಿದಿತ್ತು.
ಬಟ್ಟೆ ಒಣಹಾಕುವ ನೂಲು, ಮೇಕೆಯ ಕಣ್ಣಿ,
ಕೊನೆಗೆ ಇಗರ್ಜಿಯ ಗಂಟೆಯ ಹಗ್ಗವನ್ನೂ
ಪಾದ್ರಿ ಬಿಚ್ಚಿಕೊಟ್ಟರು:
ಬೇಕಾದರೆ ಗಾಳಿಯೇ ಬಾರಿಸಿಕೊಳ್ಳುತ್ತದೆ, ಒಯ್ಯಿ.

ದೊಡ್ಡ ದೋಣಿಗಳೆಲ್ಲ ಕಾಂಡ್ಲಾ ಕಾಡಿನೊಳಗೆ
ಮೂತಿ ತೂರಿಸಿ ನಿಂತವು, ಮೊಲೆಗೆ ಬಿದ್ದ ಹಂದಿಮರಿಗಳ ಹಾಗೆ.
ಒಂದೊಂದಕ್ಕೂ ಹನ್ನೆರಡು, ಹದಿನಾಲ್ಕು ಕಟ್ಟು,
ಬೇರಿಂದ ಬೇರಿಗೆ, ಅವನ ದೋಣಿಯ ಕೆಳಗೆ ಇವನ ಹಗ್ಗ.
ಕತ್ತಲಾಗುವಾಗ ಆ ಕೊಲ್ಲಿ
ಹುಚ್ಚು ಹಿಡಿದ ಜೇಡವೊಂದು ನೇಯ್ದ ಹಾಗಿತ್ತು.

ಬಿಳಿ ವಿಹಾರನೌಕೆಗಳ ಯಜಮಾನರು,
ಮೇ ತಿಂಗಳಲ್ಲೇ ವಿಮಾನ ಹತ್ತಿದವರು, ಫೋನ್ ಮಾಡಿದರು:
ಕಟ್ಟಿದ್ದರ ಫೋಟೋ ಕಳಿಸು, ವಿಮೆಯವರು ಕೇಳುತ್ತಾರೆ.
ಒರ್ಮಂಡ್ ತನ್ನ ಹೆಬ್ಬೆರಳಿನ ಫೋಟೋ ಕಳಿಸಿದ,
ಹಗ್ಗ ಉಜ್ಜಿ ತೊಗಲೆದ್ದದ್ದು.

ನನ್ನದು ಹದಿನೆಂಟು ಅಡಿ.
ಬಿಳಿ ಸೀಡರಿನ ಪಕ್ಕೆಲುಬು. ಅಪ್ಪ ಗುಡ್ಡವೆಲ್ಲ ಅಲೆದು
ಗಾಳಿಗೆ ಬಗ್ಗಿದ ಮರಗಳನ್ನೇ ಕಡಿದು ತಂದಿದ್ದ.
ನೆಟ್ಟಗೆ ಬೆಳೆದದ್ದು ದೋಣಿಗಾಗುವುದಿಲ್ಲ ಅನ್ನುತ್ತಿದ್ದ,
ನನ್ನ ಕಡೆ ನೋಡಿಕೊಂಡೇ.
ಮೂತಿಯ ಮೇಲೆ ಹಳದಿ ಅಕ್ಷರ: ಮಿಸ್ ಇವಾಡ್ನಿ.
ಅಮ್ಮನ ಹೆಸರು. ಅಮ್ಮ ತೀರಿಕೊಂಡ ವರ್ಷವೇ
ಮೇಕೆಯ ರಕ್ತ, ರಮ್ಮು, ಒಂದು ಹಿಡಿ ಅಕ್ಕಿ ಚೆಲ್ಲಿ
ನೀರಿಗಿಳಿಸಿದ್ದೆವು.

ಇಂಥ ಸಣ್ಣದು ಕಟ್ಟಿದರೆ ಉಳಿಯುವುದಿಲ್ಲ.
ಮೇಲಕ್ಕೆಳೆದಿಟ್ಟರೆ ಗಾಳಿ ಎತ್ತಿಕೊಂಡು ಹೋಗಿ
ಯಾರದೋ ಅಡಿಗೆಮನೆಯಲ್ಲಿ ಇಳಿಸುತ್ತದೆ.
ಟಾಂಟಿ ಮರ್ಲ್ ಬಟಾಣಿ ಸುಲಿಯುತ್ತ, ತಲೆ ಎತ್ತದೆ ಅಂದಳು:
ಮುಳುಗಿಸು.
ಮುಳುಗಿದ್ದನ್ನು ಯಾರು ಮುಳುಗಿಸುತ್ತಾರೆ?

ಎಂಜಿನ್ ಬಿಚ್ಚಿ, ಕೈಗಾಡಿಯಲ್ಲಿ ತಳ್ಳಿ
ಗುಡ್ಡದ ಮೇಲಿನ ಶಾಲೆಗೆ ಕಳಿಸಿದೆ.
ಹಯಸಿಂತ್ ಅದಕ್ಕೆ ಕಂಬಳಿ ಹೊದಿಸಿದಳಂತೆ,
ಮಕ್ಕಳಿಗೆ ಹೇಳಿದಳಂತೆ: ಸುಮ್ಮನಿರಿ, ಅದು ಮಲಗಿದೆ.
ನಾನು ಒಳಗೆ ಕಲ್ಲು ಪೇರಿಸಿದೆ. ಬಿರಡೆ ಕಿತ್ತೆ.
ತಳದ ತೂತಿನಲ್ಲಿ ನೀರು ಚಿಲುಮೆಯಂತೆ ಎದ್ದಿತು, ಆದರೆ ನಿಧಾನ,
ಬೆಳಕು ಹೋಗುತ್ತಿತ್ತು.
ಹತ್ತೊಂಬತ್ತು ವರ್ಷ ಒಳಗಿನ ನೀರನ್ನು ಹೊರಗೆ ಮೊಗೆದ
ಅದೇ ತುಕ್ಕು ಡಬ್ಬಿಯಿಂದ
ಹೊರಗಿನ ನೀರನ್ನು ಒಳಗೆ ಮೊಗೆದೆ.
ತೋಳಿಗೆ ಅರ್ಥವಾಗಲಿಲ್ಲ. ಎರಡು ಸಲ
ಅದರಷ್ಟಕ್ಕೆ ಅದು ಹೊರಗೇ ಚೆಲ್ಲಿತು.

ದೋಣಿ ಒಪ್ಪಲಿಲ್ಲ.
ಅಂಚಿನವರೆಗೆ ನೀರು, ಆದರೂ ತೇಲುತ್ತಿತ್ತು,
ಇವಾಡ್ನಿಯ ಮಗಳೇ ಸರಿ, ಅನ್ನಿಸಿತು; ಅಮ್ಮ ಕೂಡ
ಡಾಕ್ಟರು ಹೇಳಿದ ಮೇಲೆ ಏಳು ತಿಂಗಳಿದ್ದಳು.
ಕೊನೆಗೆ ನಾನೇ ಹತ್ತಿ ಕೂತೆ, ಹುಟ್ಟು ಹಾಕುವ ಹಲಗೆಯ ಮೇಲೆ,
ದಿನದ ಜಾಗದಲ್ಲಿ.
ನನ್ನ ಭಾರಕ್ಕೆ ಮಣಿದಳು.
ನೀರು ಸೊಂಟಕ್ಕೆ, ಎದೆಗೆ. ತಳ ಕೆಸರು ಮುಟ್ಟಿದ್ದು
ಬೆನ್ನುಹುರಿಯಲ್ಲಿ ತಿಳಿಯಿತು.
ಹಳದಿ ಅಕ್ಷರ ನೀರಡಿ ಇನ್ನಷ್ಟು ಹಳದಿಯಾಗಿ ಕಂಡವು.
ಬೆರಳುದ್ದದ ಮೀನೊಂದು ಬಂದು
ಬಾಡಿಗೆಗೆ ಮನೆ ನೋಡುವವರ ಹಾಗೆ ಮೂಲೆಮೂಲೆ ನೋಡಿತು.

ಮನೆಯ ಬಾಗಿಲು ತೆರೆದೇ ಬಂದೆವು, ಕಿಟಕಿಯನ್ನೂ.
ಒಳಗೆ ಬಂದ ನೀರಿಗೆ ಹೊರಗೆ ಹೋಗಲೂ ದಾರಿ ಬೇಕಲ್ಲ.

ಈಗ ಬುಧವಾರ ರಾತ್ರಿ, ಎರಡನೇ ತರಗತಿಯ ಕೋಣೆ.
ಗಾಳಿ ಇನ್ನೂ ಬಂದಿಲ್ಲ; ನಾಯಿಗಳು ಬೊಗಳುತ್ತಿಲ್ಲ.
ಒರ್ಮಂಡನ ಮೊಮ್ಮಗ ನನ್ನ ಮುಷ್ಟಿ ಬಿಡಿಸಿ ಕೇಳಿದ, ಏನದು?
ಬಿರಡೆ, ಅಂದೆ.
ಯಾವುದಕ್ಕೆ?
ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗೆ
ಹಗ್ಗವಿಲ್ಲದ ಗಂಟೆ
ಒಂದೇ ಒಂದು ಸಲ ಹೊಡೆಯಿತು.