ಸುಂಟಿಕೊಪ್ಪದಲ್ಲಿ ಎರಡು ರಾತ್ರಿ

ಮೊದಲು ಕೈಬಿಟ್ಟದ್ದು ಹಿಂಬಾಗಿಲ ಚಿಲಕ.
ಕುಶಾಲನಗರ ದಾಟಿ ಆನೆಕಾಡಿನ ನೆರಳಿಗೆ ಬರುತ್ತಲೇ
ಬಾಗಿಲು ತಾನೇ ತೆರೆದು
ಕುಕ್ಕರಿನ ಮುಚ್ಚಳ ರಸ್ತೆಗಿಳಿಯಿತು,
ನಮಗಿಂತ ಮೊದಲೇ ಊರು ನೋಡುವ ಆತುರ ಅದಕ್ಕೆ.
ಅಕ್ಕ ಬ್ರೇಕು ಒತ್ತಿದಳು.
ಗಾಡಿ ಸ್ವಲ್ಪ ಯೋಚಿಸಿ ನಿಂತಿತು.

ಹಿಂದೆ ಇದು ಬೇಕರಿಯವರ ಗಾಡಿ.
ಎರಡು ಕೋಟು ಹಸಿರು ಬಳಿಸಿದರೂ
ಓರೆ ಬಿಸಿಲು ಬಿದ್ದರೆ ಪಕ್ಕೆಯಲ್ಲಿ
'ತಾಜಾ ಬನ್ನು' ಉಬ್ಬಿ ಕಾಣುತ್ತದೆ.
ಟ್ರೇ ಜೋಡಿಸುತ್ತಿದ್ದ ಹಲಗೆಗಳ ಮೇಲೆ ಈಗ
ನಾವಿಬ್ಬರು ಮಲಗುತ್ತೇವೆ, ಮೇಲೊಬ್ಬಳು ಕೆಳಗೊಬ್ಬಳು.
ಬಸ್ ಡಿಪೋದಲ್ಲಿ ಟೈರುಗಳ ಲೆಕ್ಕ ಬರೆದು ನಿವೃತ್ತಳಾದ ಅಕ್ಕ,
ಹುಡುಗಿಯರಿಗೆ ಕಾಜಾ ಹೊಲಿಯಲು ಕಲಿಸಿದ ನಾನು.

ಸುಂಟಿಕೊಪ್ಪಕ್ಕೆ ಇನ್ನೊಂದೂವರೆ ಮೈಲಿ ಇರುವಾಗ
ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಬೆ.
ಒಡೆದ ಪೈಪಿಗೆ ಲಂಗದ ಲಾಡಿ ಸುತ್ತಿದೆ,
ಕುಡಿಯುವ ನೀರೆಲ್ಲ ಸುರಿದೆವು,
ಅರ್ಧ ಫರ್ಲಾಂಗು ನಡೆದು ಮತ್ತೆ ಅತ್ತಿತು.

ಎರಡೂ ಕಡೆ ಕಾಫಿ ಗಿಡಗಳು ಮೊಗ್ಗು ಹಿಡಿದು
ಹೂಮಳೆಗೆ ಕಾಯುತ್ತಿದ್ದವು;
ನಾವು, ಯಾರಾದರೂ ಬರಲಿ ಎಂದು.
ಬಂದದ್ದು ಚೋಂದವ್ವನವರ ಜೀಪು:
ಹಿಂದೆ ಕರಿಮೆಣಸಿನ ಮೂಟೆ, ಮುಂದೆ ನಾಯಿ.
ಅವರೇ ಹಗ್ಗ ಬಿಗಿದರು.
"ನಾನು ಎಳೆಯುವಾಗ ಬ್ರೇಕು ಹಾಕಬೇಡಿ."
"ಇದ್ದರಲ್ಲವಾ," ಅಂದಳು ಅಕ್ಕ.

ಕುಂಞಾಲಿ ಮೇಸ್ತ್ರಿಯ ಶೆಡ್ಡಿನಲ್ಲಿ
ಕ್ಲಿಪ್ಪಿನ ನಟ್ಟು ತುಕ್ಕು ಹೊದ್ದು ಮಲಗಿತ್ತು.
ಸ್ಪ್ಯಾನರು ಜಾರಿತು. ಸುತ್ತಿಗೆಗೆ ಜಗ್ಗಲಿಲ್ಲ.
ಸೀಮೆಎಣ್ಣೆ ಕುಡಿದು ಸುಮ್ಮನಾಯಿತು.
ಚೋಂದವ್ವ ಜೀಪಿಗೆ ಹೋಗಿ ಬಾಟಲಿ ತಂದರು,
ಡಾಂಬರಿನಷ್ಟು ಕಪ್ಪಗಿನ ಕಾಚಂಪುಳಿ,
ಮಗಳ ಮನೆಯ ಪಂದಿಕರಿಗೆಂದು ಇಟ್ಟದ್ದು.
"ಹನ್ನೊಂದು ವರ್ಷದ್ದು. ಇದಕ್ಕೆ ಮೆತ್ತಗಾಗದವರು
ನಮ್ಮ ಯಜಮಾನರು ಒಬ್ಬರೇ."
ಮೇಸ್ತ್ರಿ ನಕ್ಕು, ಕೈಗೆ ಚಿಂದಿ ಸುತ್ತಿಕೊಂಡು,
ನಾಲ್ಕು ಹನಿ ಬಿಟ್ಟರು.

ರಾತ್ರಿ ಒಂಬತ್ತಕ್ಕೆ ಯಾರೋ ತಗಡು ಬಡಿದರು.
"ಬನ್ನು ಉಂಟಾ?"
ಹೊದಿಕೆಯೊಳಗಿಂದಲೇ ಅಕ್ಕ, "ನಾಳೆ."

ಬೆಳಿಗ್ಗೆ ನಟ್ಟು ತಿರುಗಿತು.
ಆಮೇಲೆ ಗಾಡಿಯಡಿ ತೂರಿದ ಮೇಸ್ತ್ರಿ
ತುಂಬ ಹೊತ್ತು ಮಾತಿಲ್ಲ.
ಬಗ್ಗಿ ಟಾರ್ಚು ಬಿಟ್ಟೆ:
ಸೈಲೆನ್ಸರನ್ನು ಹಿಡಿದು ನಿಲ್ಲಿಸಿದ್ದ ತಾಮ್ರದ ತಂತಿ, ಹಸಿರುಗಟ್ಟಿದ್ದು.
ಎರಡು ಸುತ್ತು, ಒಂದು ಒಳಗೆ,
ಮುಟ್ಟಿದವರಿಗೆ ಚುಚ್ಚದ ಹಾಗೆ ತುದಿ ಹಿಂದಕ್ಕೆ ಮಡಿಚಿ.
ಇಷ್ಟು ವರ್ಷ ಗಂಟು ಹಾಕಿದವಳಿಗೆ
ಈ ಗಂಟು ಗೊತ್ತಿರಲಿಲ್ಲ.

"ಇದು ನಂದೇ," ಅಂದರು.
"ವಿರಾಜಪೇಟೆಯಲ್ಲಿ ಕೆಲಸ ಕಲೀತಿದ್ದೆ. ಆಗ ಇದು ಹಳದಿ ಗಾಡಿ.
ಬ್ರೆಡ್ಡು ಬಿಸಿ ಇತ್ತು, ಡ್ರೈವರಿಗೆ ಅವಸರ.
ಸಂಜೆವರೆಗೆ ಸಾಕು ಅಂತ ಕಟ್ಟಿದ್ದು."

ಅಕ್ಕ ಬೆರಳು ಮಡಿಚಿದಳು.
ಇಪ್ಪತ್ತಾರು ವರ್ಷ ಆಯಿತು, ಆ ಸಂಜೆಗೆ.
ಮೇಸ್ತ್ರಿ ಒಮ್ಮೆ ಜಗ್ಗಿ ನೋಡಿದರು,
ಇನ್ನೊಮ್ಮೆ ಜಗ್ಗಿದರು.
ಹಾಗೇ ಬಿಟ್ಟರು.

ಪೈಪು ಮಡಿಕೇರಿಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಕತ್ತಲು.
ಅದೇ ರಾತ್ರಿ ಹೂಮಳೆ ಬಿತ್ತು.
ನಮ್ಮ ಸೂರು ಸೋರುವುದು ಆಗ ತಿಳಿಯಿತು;
ಸೊಟ್ಟಗಾದ ಮುಚ್ಚಳವನ್ನೂ ಮಗುಚಿ ಹನಿಗೆ ಒಡ್ಡಿದೆವು.
ಬೆಳಿಗ್ಗೆ ಊರಿಗೆ ಊರೇ ನಗುತ್ತಿತ್ತು,
"ಇನ್ನು ಎಂಟು ದಿನಕ್ಕೆ ಹೂ" ಎಂದು
ಚಹಾ ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳಲಿಲ್ಲ.
ನಾವು ಹಾಸಿಗೆ ಹಿಂಡುತ್ತಿದ್ದೆವು.

ಚಿಲಕದ ವಿಷಯ ಹೇಳುವುದೇ ಮರೆತಿತ್ತು.
ಬೋಯಿಕೇರಿಯ ತಿರುವಿನಲ್ಲಿ ನೆನಪಿಸಿತು.
ಇಳಿದು, ಮುಚ್ಚಳ ಆರಿಸಿ,
ಬಟ್ಟೆ ಒಣಹಾಕುವ ತಂತಿ ತುಂಡರಿಸಿ
ಎರಡು ಸುತ್ತು, ಒಂದು ಒಳಗೆ.
ಮೊದಲ ಸಲ ಬಿಚ್ಚಿಕೊಂಡಿತು.
ಎರಡನೆಯದಕ್ಕೆ ತುದಿ ಮಡಿಚಿದೆ.

"ಎಲ್ಲಿವರೆಗೆ ತಡೆದೀತು?" ಅಕ್ಕ ಮುಂದಿನಿಂದ ಕೂಗಿದಳು.
"ನೀನು ಹೊರಡು," ಅಂದೆ.